ಪಿಷ್ಟದ ಡ್ರಿಪ್ ಕುರಿತ ಲೇಖನ: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೆ,

ರಕ್ತನಾಳಗಳಲ್ಲಿ ದ್ರವದ ಪ್ರಮಾಣ ಕುಸಿದಾಗ ಅದನ್ನು ತುಂಬಿಕೊಡಲು ಬಳಸುವ ಹೈಡ್ರಾಕ್ಸಿಈಥೈಲ್ ಪಿಷ್ಟದ ದ್ರಾವಣಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ವಿಷಯ ಒಳ್ಳೆಯದು, ಭಾಷೆ ಶುದ್ಧವಾಗಿದೆ. ಶೇ 6 ಮತ್ತು ಶೇ 10ರ ಸಾಂದ್ರತೆಯ ವಿವರಣೆಗೂ ನನ್ನ ತಕರಾರಿಲ್ಲ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು.

‘450/0.7, 200/0.5, 130/0.4 ಎಂಬ ಬಗೆಗಳಿವೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಓದುಗರಿಗೆ ಇವು ಬಸ್ಸಿನ ನಂಬರುಗಳಂತೆ ಕಾಣುತ್ತವೆ. ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರು ಕರಡಿನ ಪ್ರತಿ ಅಂಕಿಗೂ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಅಂಚಿನಲ್ಲಿ ‘ಯಾವುದರದು?’ ಎಂದಷ್ಟೇ ಬರೆದು ಮೇಜಿನ ಮೇಲೆ ಇಟ್ಟುಹೋಗುತ್ತಿದ್ದರು. ಉತ್ತರ ಹುಡುಕುವಷ್ಟರಲ್ಲಿ ಲೇಖನವೇ ಬೇರೆಯಾಗಿರುತ್ತಿತ್ತು. 130 ಎಂಬುದು ಅಣುಗಳ ಸರಾಸರಿ ತೂಕ, ಅಣುತೂಕದ ಅಳತೆಯಾದ ಕಿಲೋಡಾಲ್ಟನ್‌ಗಳಲ್ಲಿ. 0.4 ಎಂದರೆ ಹತ್ತು ಗ್ಲೂಕೋಸ್ ಘಟಕಗಳಿಗೆ ಸರಾಸರಿ ನಾಲ್ಕು ಹೈಡ್ರಾಕ್ಸಿಈಥೈಲ್ ಗುಂಪುಗಳನ್ನು ಜೋಡಿಸಲಾಗಿದೆ ಎಂದರ್ಥ. ಮೆಕ್ಕೆಜೋಳದ ಅಥವಾ ಆಲೂಗಡ್ಡೆಯ ಪಿಷ್ಟವನ್ನು ಇದ್ದಂತೆಯೇ ಕೊಟ್ಟರೆ ರಕ್ತದಲ್ಲಿರುವ ಅಮೈಲೇಸ್ ಕಿಣ್ವ ಅದನ್ನು ಬೇಗ ಕತ್ತರಿಸಿಬಿಡುತ್ತದೆ. ಈ ಗುಂಪುಗಳು, ಅದರಲ್ಲೂ ಗ್ಲೂಕೋಸಿನ ಎರಡನೆಯ ಇಂಗಾಲಕ್ಕೆ ಅಂಟಿದವು, ಕಿಣ್ವಕ್ಕೆ ಅಡ್ಡ ನಿಲ್ಲುತ್ತವೆ. ಆದ್ದರಿಂದ ‘ಅಣು ದೊಡ್ಡದಾದಷ್ಟೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ’ ಎಂಬ ನಿಮ್ಮ ಮುಂದಿನ ವಾಕ್ಯ ಅರ್ಧಸತ್ಯ. ಉಳಿಯುವ ಅವಧಿಯನ್ನು ಹೆಚ್ಚಾಗಿ ನಿರ್ಧರಿಸುವುದು ಎರಡನೆಯ ಅಂಕಿ. 0.7, 0.5, 0.4ರ ಬಗೆಗಳಿಗೆ ಕ್ರಮವಾಗಿ ಹೆಟಾಸ್ಟಾರ್ಚ್, ಪೆಂಟಾಸ್ಟಾರ್ಚ್, ಟೆಟ್ರಾಸ್ಟಾರ್ಚ್ ಎಂದು ಹೆಸರಿಟ್ಟಿರುವುದೂ ಅದನ್ನು ಹಿಡಿದೇ.

ಇನ್ನೊಂದು, ಕೊನೆಯ ಪುಟದ ‘ಕೆಲವು ಅಡ್ಡಪರಿಣಾಮಗಳು ವರದಿಯಾಗಿವೆ’ ಎಂಬ ವಾಕ್ಯ. ಯಾರಲ್ಲಿ? ಎಷ್ಟು ಜನರಲ್ಲಿ? ಹಳೆಯ ಪಿಷ್ಟಗಳು ಮೂತ್ರಪಿಂಡವನ್ನು ಕೆಡಿಸುತ್ತವೆ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಪಡಿಸುತ್ತವೆ ಎಂಬ ಆತಂಕವಿದ್ದುದರಿಂದಲೇ ಬೇಗ ಕರಗಿಹೋಗುವ 130/0.4ರ ಪೀಳಿಗೆಯ ಮೇಲೆ ವೈದ್ಯರು ಭರವಸೆ ಇಟ್ಟಿದ್ದರು. 2012ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು ಒರೆಗೆ ಹಚ್ಚಿದ್ದು ಈ ಪೀಳಿಗೆಯನ್ನೇ. ನಾರ್ಡಿಕ್ ದೇಶಗಳಲ್ಲಿ ತೀವ್ರ ಸೋಂಕಿನ ನಂಜಿನಿಂದ (ಸೆಪ್ಸಿಸ್) ಬಳಲುತ್ತಿದ್ದವರ ಪೈಕಿ, ಇದೇ ಪೀಳಿಗೆಯ 130/0.42 ಪಡೆದವರಲ್ಲಿ 90 ದಿನಗಳೊಳಗೆ ಶೇ 51 ಮಂದಿ ತೀರಿಕೊಂಡರೆ, ರಿಂಗರ್ ಅಸಿಟೇಟ್ ಎಂಬ ಲವಣದ ದ್ರಾವಣ ಪಡೆದವರಲ್ಲಿ ಶೇ 43 ಮಂದಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ 7000 ರೋಗಿಗಳ ಪರೀಕ್ಷೆಯಲ್ಲಿ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಆದರೆ ಡಯಾಲಿಸಿಸ್‌ನಂಥ ಚಿಕಿತ್ಸೆ ಬೇಕಾದವರು ಪಿಷ್ಟದ ಗುಂಪಿನಲ್ಲಿ ಶೇ 7, ಸಲೈನ್ ಗುಂಪಿನಲ್ಲಿ ಶೇ 5.8. 2022ರಲ್ಲಿ ಯುರೋಪ್ ಒಕ್ಕೂಟ ಈ ದ್ರಾವಣಗಳ ಮಾರಾಟದ ಪರವಾನಗಿಯನ್ನು ಅಮಾನತಿನಲ್ಲಿಡಲು ತೀರ್ಮಾನಿಸಿತು. ಇಷ್ಟನ್ನೂ ‘ಕೆಲವು’ ಎಂಬ ಒಂದು ಪದದೊಳಗೆ ತುರುಕಿದ್ದೀರಿ. 0.4ನ್ನು ಎರಡನೆಯ ಪುಟದಲ್ಲೇ ಬಿಡಿಸಿ ಹೇಳಿದ್ದರೆ, ನಿರೀಕ್ಷೆ ತಲೆಕೆಳಗಾದ ಬಗೆ ಓದುಗರಿಗೆ ತಾನಾಗಿಯೇ ಅರ್ಥವಾಗುತ್ತಿತ್ತು.

ಪೀಠಿಕೆಯನ್ನು ಮುಟ್ಟಬೇಡಿ. ಈ ಎರಡು ಜಾಗಗಳನ್ನು ಮತ್ತೆ ಬರೆದು ಕಳುಹಿಸಿ. ಪುಟ ಹೆಚ್ಚಾದರೆ ಜಾಗ ಮಾಡಿಕೊಡುವುದು ನನ್ನ ಕೆಲಸ.

ಇತಿ,
ಸಂಪಾದಕ