ಉಳದ ಹೊಲದಲ್ಲಿ ಬಿತ್ತನೆ ಯಂತ್ರವಾದ ಸೀಡ್ ಡ್ರಿಲ್‌ನಿಂದ ಬಿತ್ತಿದರೆ ಮೊಳಕೆ ಅಲ್ಲಲ್ಲಿ ಮಾತ್ರ ಬರುವುದೇಕೆ?

ಮೊದಲು ಡಿಸ್ಕ್, ಅಂದರೆ ನೆಲ ಸೀಳಿ ಸಾಲು ತೆಗೆಯುವ ತಟ್ಟೆ, ನೋಡಿ. ಉಳದ ನೆಲ ಗಟ್ಟಿ, ಮೇಲೆ ಕೂಳೆ ಬೇರೆ. ಸವೆದು ಮೊಂಡಾದ ಡಿಸ್ಕ್ ಹುಲ್ಲನ್ನು ಕತ್ತರಿಸುವುದಿಲ್ಲ, ಮಡಚಿ ಸಾಲಿನೊಳಗೇ ತುರುಕುತ್ತದೆ. ಬೀಜ ಆ ಹುಲ್ಲಿನ ಮೇಲೆ ಕೂರುತ್ತದೆ, ಮಣ್ಣಿನ ಹಸಿ ಅದಕ್ಕೆ ತಾಗುವುದೇ ಇಲ್ಲ. ಬೆಳಗಿನ ಇಬ್ಬನಿಗೆ ಹುಲ್ಲು ಮೆತ್ತಗಿರುವಾಗ ಈ ತೊಂದರೆ ಜಾಸ್ತಿ. ಬಿಸಿಲೇರಿ ಹುಲ್ಲು ಗರಿಗರಿಯಾದ ಮೇಲೆ ಬಿತ್ತಿ.

ಶೆಡ್ಡಿನಲ್ಲಿ ಕೂರಿಸಿದ ಆಳವನ್ನು ಸುಮ್ನೆ ನಂಬಬೇಡಿ. ಬಿತ್ತುವ ವೇಗದಲ್ಲೇ ಸ್ವಲ್ಪ ದೂರ ಓಡಿಸಿ, ಇಳಿದು, ಚಾಕುವಿನಿಂದ ಸಾಲು ಕೆದಕಿ ಬೀಜ ಹುಡುಕಿ. ಗೋಧಿಯಾದರೆ 4–5 ಸೆಂ.ಮೀ. ಆಳದಲ್ಲಿರಬೇಕು. ಮೇಲೇ ಸಿಕ್ಕರೆ ಡಿಸ್ಕನ್ನು ನೆಲಕ್ಕೆ ಒತ್ತುವ ಸ್ಪ್ರಿಂಗ್ ಒತ್ತಡ ಹೆಚ್ಚಿಸಿ. ಟ್ರಾಕ್ಟರ್ ಗಾಲಿಯ ಜಾಡಿನಲ್ಲಿ ನೆಲ ಇನ್ನೂ ಗಟ್ಟಿ, ಆ ಸಾಲುಗಳನ್ನು ಬೇರೆಯಾಗಿಯೇ ನೋಡಿ. ಸಾಲಿನ ಗೋಡೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಹಸಿ ಹೆಚ್ಚಾಗಿದೆ ಅಂತ ಅರ್ಥ. ಆಗ ಒಂದೆರಡು ದಿನ ಕಾಯುವುದೇ ಒಳ್ಳೆಯದು.

ಬೀಜದ ಪ್ರಮಾಣಕ್ಕೆ ಕೊಳವೆಗಳ ಕೆಳಗೆ ಚೀಲ ಕಟ್ಟಿ, ಡ್ರಿಲ್ಲಿನ ಚಕ್ರ ತಿರುಗಿಸಿ, ಬಿದ್ದ ಬೀಜ ತೂಗಿ ನೋಡಿ.

ಹಂಗಾಮು ಮುಗಿದ ದಿನವೇ ಗೊಬ್ಬರದ ಪೆಟ್ಟಿಗೆ ಖಾಲಿ ಮಾಡಿ, ತೊಳೆದು ಒಣಗಿಸಿ. ಉಳಿದ ಗೊಬ್ಬರ ತೇವ ಹೀರಿ ತಗಡನ್ನೇ ತಿನ್ನುತ್ತದೆ. ಡಿಸ್ಕನ್ನು ಕೈಯಿಂದ ಅಲುಗಿಸಿ. ಲಟಲಟ ಅಂದರೆ ಬೇರಿಂಗ್ ಹೋಗಿದೆ, ಬದಲಾಯಿಸಿಯೇ ಒಳಗಿಡಿ.