ಆಫೀಸಿನ ಮಾತುಕತೆಗೆ ‘ಸ್ಪೀಚ್ ಆಕ್ಟ್’ ಸಿದ್ಧಾಂತ ಹೇಗೆ ಉಪಯೋಗಕ್ಕೆ ಬರುತ್ತದೆ?

ಮಾತು ಸುದ್ದಿ ತಿಳಿಸುವುದಷ್ಟೇ ಅಲ್ಲ, ಕೆಲಸವನ್ನೂ ಮಾಡುತ್ತದೆ ಎಂದು ಬ್ರಿಟಿಷ್ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು; ಹೀಗೆ ಮಾತಿನಿಂದ ಆಗುವ ಕೆಲಸವೇ ‘ಸ್ಪೀಚ್ ಆಕ್ಟ್’. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟವನ್ನೇ ತಗೊಳ್ಳಿ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಸಾಹುಕಾರರು ರೈಟರಿಗೆ (ಆಳುಗಳ ಕೆಲಸ ನೋಡಿಕೊಳ್ಳುವವರಿಗೆ) “ಮೋಡ ಕಟ್ತಾ ಇದೆಯಲ್ಲ” ಅಂದರೆ, ಟಾರ್ಪಾಲು ಹೊದಿಸಿ ಎಂದು ಅರ್ಥ. ಆಡಿದ ನುಡಿ, ಅದರೊಳಗಿನ ಅಪ್ಪಣೆ, ಆಳುಗಳು ಓಡುವ ಪರಿಣಾಮ: ಆಸ್ಟಿನ್ ಬಿಡಿಸಿ ತೋರಿಸಿದ ಮೂರು ಪದರ ಇವೇ. ಅದೇ ಮಾತು ವಾಟ್ಸಾಪಿನಲ್ಲಿ ಬಂದರೆ ಹೊಸ ರೈಟರು “ಹೌದು ಸಾರ್” ಎಂದು ಸುಮ್ಮನಾಗಬಹುದು, ಕಾಫಿ ನೆನೆಯುತ್ತದೆ.

ನನಗೆ ಇನ್ನೂ ದೊಡ್ಡ ತೊಡಕಾಗಿ ಕಾಣುವುದು “ನೋಡೋಣ”. ಮುಂಗಡ ಕೇಳಿದವರಿಗೆ ಅದು ಮಾತು ಕೊಟ್ಟಂತೆ, ಹೇಳಿದವರಿಗೆ ನಯವಾದ ನಿರಾಕರಣೆ. ಮಾತು ಕೊಡುವುದೆಂದರೆ ಹೊಣೆ ಹೊರುವುದು ಎನ್ನುತ್ತಾರೆ ಆಸ್ಟಿನ್ ಸಿದ್ಧಾಂತವನ್ನು ಮುಂದುವರಿಸಿದ ತತ್ವಜ್ಞಾನಿ ಜಾನ್ ಸರ್ಲ್. ಹಾಗಾಗಿ “ಶನಿವಾರದ ಬಟವಾಡೆಗೆ ಕೊಡ್ತೀನಿ” ಅಥವಾ “ಈ ಸಲ ಆಗಲ್ಲ” ಎಂದೇ ಹೇಳಿಬಿಡಿ.