ಮೊಳಕೆ ರಾಗಿ ಸರಿ ತೆಳ್ಳಗಾಗದಿದ್ದರೆ ಹುರಿದದ್ದನ್ನು ಅನುಮಾನಿಸಿ

ಅಕ್ಕಾ, ಮಗುವಿಗೆಂದು ಮೊಳಕೆ ಕಟ್ಟಿ ಮಾಡಿಸಿದ ರಾಗಿ ಹಿಟ್ಟಿನ ಸರಿಯೂ ಮಾಮೂಲಿ ಹಿಟ್ಟಿನಷ್ಟೇ ಗಟ್ಟಿಯಾಗುತ್ತಿದೆ, ತಳಿಯಲ್ಲೇ ದೋಷವೇ ಎಂದು ಕೇಳಿದ್ದೀರಿ. ತಳಿಯನ್ನು ದೂರಬೇಡಿ. ‘ಮೊಳಕೆಯನ್ನು ಹಸಿಯಾಗಿಯೇ ಬಾಣಲೆಗೆ ಹಾಕಿ ಘಮ ಬರುವವರೆಗೆ ಹುರಿದೆ’ ಎಂದು ಬರೆದಿದ್ದೀರಲ್ಲ, ಎಡವಟ್ಟಾದದ್ದು ಅಲ್ಲೇ.

ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಗಂಜಿಯನ್ನು ಗಟ್ಟಿಯಾಗಿಸುವ ಪಿಷ್ಟವನ್ನು ಅದು ತುಂಡರಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದಕ್ಕೆ ಈ ಗುಣವೂ ಒಂದು ಕಾರಣ. ಬಿಸಿ ಏರಿದಂತೆ ಕಿಣ್ವದ ಕೆಲಸ ಚುರುಕಾಗುತ್ತದೆ, ಹತ್ತು ಡಿಗ್ರಿ ಹೆಚ್ಚಿದರೆ ವೇಗ ಸರಿಸುಮಾರು ಇಮ್ಮಡಿ. ಆದರೆ ಅದು ಪ್ರೋಟೀನು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ದುಡಿಯುವ ಅದೇ ಕಿಣ್ವ 80 ದಾಟಿದರೆ ಬೇಗನೆ ರೂಪ ಕೆಟ್ಟು ನಿಷ್ಕ್ರಿಯವಾಗುತ್ತದೆ, ಆಮೇಲೆ ಆರಿಸಿದರೂ ಸರಿಹೋಗುವುದಿಲ್ಲ. ಫ್ರಿಜ್ಜಿನ ಚಳಿ ಹಾಗಲ್ಲ, ಅದು ಬರೀ ನಿಧಾನ ಮಾಡುತ್ತದೆ.

ತೇವ ಇದ್ದಾಗ ಕಿಣ್ವಕ್ಕೆ ಬಿಸಿ ಇನ್ನೂ ಬೇಗ ತಾಗುತ್ತದೆ. ಆದ್ದರಿಂದ ಮೊಳಕೆಯನ್ನು ತೆಳ್ಳಗೆ ಹರವಿ ಪೂರ್ತಿ ಒಣಗಿಸಿ, ಉಜ್ಜಿ ಬೇರು ತೆಗೆದು ಹುರಿಯದೆಯೇ ಬೀಸಿಸಿ. ಹುರಿದ ಘಮ ಬಿಡಲು ಯಾರಿಗೂ ಮನಸ್ಸು ಬಾರದು, ನನಗೂ ಅಷ್ಟೇ. ಅದಕ್ಕೆ ಮೊಳಕೆ ಕಟ್ಟದ ರಾಗಿಯನ್ನು ಬೇಕಾದಷ್ಟು ಹುರಿದು ಹಿಟ್ಟು ಮಾಡಿ ಬೇರೆ ಡಬ್ಬಿಯಲ್ಲಿಡಿ.

ಈಗಿರುವ ಮೊಳಕೆ ಹಿಟ್ಟನ್ನು ಎಸೆಯಬೇಕಿಲ್ಲ, ಅದರಿಂದಲೇ ಎಂದಿನಂತೆ ಗಟ್ಟಿ ಸರಿ ಕಾಯಿಸಿ ಇಳಿಸಿ. ಪಿಷ್ಟ ಬೆಂದು ಉಬ್ಬಿದರೆ ಮಾತ್ರ ಕಿಣ್ವಕ್ಕೆ ಸುಲಭವಾಗಿ ಸಿಗುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ 60ರಿಂದ 65 ಡಿಗ್ರಿಗೆ ಬಂದಾಗ, ಇಲ್ಲದಿದ್ದರೆ ಕುದಿ ಪೂರ್ತಿ ನಿಂತು ಸ್ವಲ್ಪ ಹೊತ್ತಾದ ಮೇಲೆ, ಹುರಿಯದ ಮೊಳಕೆ ಹಿಟ್ಟು ಒಂದು ಚಮಚ ಕಲಸಿ ಮುಚ್ಚಿಡಿ. ಹತ್ತು ಹದಿನೈದು ನಿಮಿಷದಲ್ಲಿ ಸೌಟಿನಿಂದ ಜಾರುವಷ್ಟು ತೆಳ್ಳಗಾಗುತ್ತದೆ. ಕುದಿಯುವಾಗಲೇ ಸುರಿದರೆ ಕೆಲಸ ಮುಗಿಯುವ ಮೊದಲೇ ಕಿಣ್ವ ಸಾಯುತ್ತದೆ.

ತೆಳ್ಳಗಾಯಿತೆಂದು ನೀರು ಹೆಚ್ಚಿಸಬೇಡಿ, ಮುಂದಿನ ಸಲ ಮಾಮೂಲಿ ಹಿಟ್ಟು ಹೆಚ್ಚಿಸಿ. ಪುಟ್ಟ ಹೊಟ್ಟೆಗೆ ಅಷ್ಟೇ ಸರಿಯಲ್ಲಿ ಹೆಚ್ಚು ಆಹಾರ ಸೇರುವುದೇ ಇದರ ಲಾಭ. ಕೊನೆಗೆ ಮತ್ತೊಮ್ಮೆ ಚೆನ್ನಾಗಿ ಕುದಿಸಿಯೇ ಮಗುವಿಗೆ ಕೊಡಿ, ತೇವದಲ್ಲಿ ಮೊಳೆತ ಕಾಳಿನಲ್ಲಿ ರೋಗಾಣುಗಳೂ ಬೆಳೆದಿರಬಹುದು. ಮೊಳಕೆಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಕುದಿಸುವ ಯೋಚನೆಯೂ ಬೇಡ, ಚೆಲ್ಲಿಬಿಡಿ.